ಗೆದ್ದ ಪತ್ರ, ಹಿಡಿದ ಕೈ

ಚುನಾವಣೆ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಚಿತ್ರ ಶಾಂತಿ ನೆಲೆಸುತ್ತದೆ. ಕೆಲವರು ಗ್ರೂಪ್ ಬಿಟ್ಟು ಹೋಗಿರುತ್ತಾರೆ, ಕೆಲವರು ಮ್ಯೂಟ್ ಮಾಡಿರುತ್ತಾರೆ, ಉಳಿದವರೆಲ್ಲ ಒಂದೇ ಪಕ್ಷದವರು. ಆಮೇಲೆ ಅಲ್ಲಿ ಜಗಳವೂ ಇಲ್ಲ, ಮಾತೂ ಇಲ್ಲ. ಬರೀ ಫಾರ್ವರ್ಡು. 'ಅವನು ಆ ಕಡೆಯವನು ಬಿಡ್ರಿ' ಅನ್ನುವ ಒಂದು ವಾಕ್ಯ ಸಾಕು, ಇಪ್ಪತ್ತು ವರ್ಷದ ಗೆಳೆಯ ಹೇಳಿದ್ದನ್ನು ಓದದೇ ಇರೋದಕ್ಕೆ.

ಇದು ಹೊಸ ಕಾಯಿಲೆ, ಮೊಬೈಲು ತಂದದ್ದು ಅಂತ ಎಲ್ಲರೂ ಹೇಳ್ತಾರೆ. ಪೂರ್ತಿ ನಿಜ ಅಲ್ಲ. ಮೊಬೈಲು ಬರುವ ಸಾವಿರಾರು ವರ್ಷ ಮೊದಲೇ ನಮ್ಮ ನೆಲದಲ್ಲಿ ಜನ ಗುಂಪು ಕಟ್ಟಿಕೊಂಡು ಬಡಿದಾಡಿದ್ದಾರೆ. ಬಡಿದಾಟ ಹೇಗೆ ನಿಂತಿತು ಅನ್ನೋದನ್ನು ಕಲ್ಲಿನ ಮೇಲೆ ಕೆತ್ತಿಯೂ ಇಟ್ಟಿದ್ದಾರೆ. ಆ ಕಲ್ಲುಗಳಲ್ಲಿ ಒಂದರ ಕಥೆ ಶುರುವಾಗುವುದು ನಮ್ಮ ತಾವರಗೇರಾದಿಂದ ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಊರಿನಿಂದ.

ತಾವರಗೇರಾ ಕುಷ್ಟಗಿ ತಾಲೂಕಿನ ಪಟ್ಟಣ. ಹೆಸರು ಕೇಳಿದರೆ ತಾವರೆಯ ಕೆರೆ ಕಣ್ಣಿಗೆ ಬರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಕನಕಗಿರಿ, ಆಮೇಲೆ ಗಂಗಾವತಿ, ಅದನ್ನೂ ದಾಟಿ ತುಂಗಭದ್ರೆಯ ದಂಡೆಗೆ ಹೋದರೆ ಆನೆಗೊಂದಿ. ಹೊಳೆಯ ಆಚೆ ದಂಡೆಗೆ ಹಂಪಿ. ಪ್ರವಾಸಿಗರು ಆನೆಗೊಂದಿಗೆ ಬರುವುದು ಬಂಡೆ, ಬಾಳೆತೋಟ, ಅಂಜನಾದ್ರಿ ನೋಡೋದಕ್ಕೆ. ಈ ಊರಿನ ಜೈನರು ಆರೂವರೆ ಶತಮಾನದ ಹಿಂದೆ ರಾಜನ ಬಳಿ ಒಂದು ದೂರು ಒಯ್ದಿದ್ದರು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಆ ದೂರಿಗೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗೋಣ.

ಉಪದೇಶ ಮೊದಲೇ ಇತ್ತು

ಇನ್ನೊಬ್ಬರ ಮಾತು ಕೇಳಿ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತೇನಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಕ್ಕದ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಅವು ಚಿಕ್ಕವು. ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು ಅವನ 12ನೇ ಬಂಡೆ ಶಾಸನ. ಅದರ ಪ್ರತಿಯೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ತನ್ನ ಪಂಥವನ್ನು ಹೊಗಳಿ ಇನ್ನೊಂದನ್ನು ತೆಗಳುವವನು ಕಡೆಗೆ ತನ್ನ ಪಂಥಕ್ಕೇ ಪೆಟ್ಟು ಕೊಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಕ್ರಿಸ್ತಪೂರ್ವ ಮೂರನೇ ಶತಮಾನದ ಮಾತು. ಆ ಕಲ್ಲು ಸಿಕ್ಕಿದ್ದು ಎಲ್ಲಿ ಗೊತ್ತಾ? ಅಲ್ಲಿನ ದೇವಸ್ಥಾನದಲ್ಲಿ, ಒಂದು ವಿಗ್ರಹದ ಪೀಠವಾಗಿ. ಒಳ್ಳೆಯ ಮಾತಿನ ಮೇಲೆ ಇನ್ನೇನನ್ನೋ ನಿಲ್ಲಿಸಿ, ಅದನ್ನು ಓದುವುದನ್ನು ನಾವು ಎಂದೋ ಮರೆತಿದ್ದೆವು.

ಅಶೋಕನಿಗಿಂತ ಸುಮಾರು 1100 ವರ್ಷಗಳ ನಂತರ, ಒಂಬತ್ತನೇ ಶತಮಾನದಲ್ಲಿ, 'ಕವಿರಾಜಮಾರ್ಗ' ಬಂತು. ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ಅದು ಎಣಿಸುವ ನಾಲ್ಕು ಊರುಗಳಲ್ಲಿ ಕೊಪಣ ಒಂದು, ಅಂದರೆ ಇಂದಿನ ಕೊಪ್ಪಳ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತು ಎಂಬ ಅರ್ಥದ ಮಾತೂ ಅದೇ ಗ್ರಂಥದಲ್ಲಿದೆ. ಪಾಠ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. 'ನೋಡಿ, ನಾವು ಎಷ್ಟು ಸಹಿಷ್ಣುಗಳು!' ಅಂತ ಚಪ್ಪಾಳೆ ಹೊಡೆದು ಮನೆಗೆ ಹೋಗ್ತೇವೆ.

ಆದರೆ ಉಪದೇಶ ಇತ್ತು ಅಂದ ಮಾತ್ರಕ್ಕೆ ಜನ ಹಾಗೇ ನಡೆದುಕೊಂಡರು ಅಂತ ಅರ್ಥ ಅಲ್ಲ. ಮುಂದಿನ ಕಲ್ಲು ಅದಕ್ಕೆ ಸಾಕ್ಷಿ.

ಅಬ್ಬಲೂರು: ವಾದವೆಂಬ ಪಂದ್ಯ

ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಿವ ದೇವಾಲಯದಲ್ಲಿ ಸುಮಾರು 1200ರ ಹೊತ್ತಿನ ಒಂದು ದೊಡ್ಡ ಶಾಸನವಿದೆ. ಅದು ಹೇಳುವುದು ಏಕಾಂತದ ರಾಮಯ್ಯ ಎಂಬ ಶಿವಭಕ್ತನ ಕಥೆ. ರಾಮಯ್ಯನಿಗೂ ಊರಿನ ಜೈನರಿಗೂ ಯಾರ ದೇವರು ದೊಡ್ಡವನು ಅನ್ನುವ ವಾದ ಹತ್ತುತ್ತದೆ. ಪಂದ್ಯ ಕಟ್ಟುತ್ತಾರೆ. ರಾಮಯ್ಯ ತನ್ನ ತಲೆಯನ್ನು ತಾನೇ ಕತ್ತರಿಸಿಕೊಂಡು ಶಿವನ ಕೃಪೆಯಿಂದ ಮತ್ತೆ ಪಡೆಯಬೇಕು, ಹಾಗಾದರೆ ಜೈನರು ತಮ್ಮ ಜಿನನನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು. ಇದನ್ನು ಓಲೆಯ ಮೇಲೆ ಬರೆಸಿಕೊಳ್ಳುತ್ತಾರೆ. ಶಾಸನದ ಪ್ರಕಾರ ರಾಮಯ್ಯನ ತಲೆ ಏಳು ದಿನಗಳ ಮೇಲೆ ಗಾಯದ ಗುರುತೂ ಇಲ್ಲದೆ ಕೂಡಿಕೊಳ್ಳುತ್ತದೆ. ಜೈನರು ಮಾತಿಗೆ ತಪ್ಪುತ್ತಾರೆ. ರಾಮಯ್ಯ ಜಿನಮೂರ್ತಿಯನ್ನು ಒಡೆಯುತ್ತಾನೆ. ದೂರು ಕಳಚೂರ್ಯ ಬಿಜ್ಜಳನ ಆಸ್ಥಾನಕ್ಕೆ ಹೋಗುತ್ತದೆ. ರಾಮಯ್ಯ ಓಲೆ ತೋರಿಸಿ, ಬೇಕಾದರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ, ಈ ಸಲ ನಿಮ್ಮ ನೂರಾರು ಬಸದಿಗಳನ್ನೇ ಪಣಕ್ಕಿಡಿ ಅನ್ನುತ್ತಾನೆ. ಜೈನರು ಒಪ್ಪುವುದಿಲ್ಲ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ.

ಪವಾಡವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇತಿಹಾಸಕ್ಕೆ ಮುಖ್ಯವಾದದ್ದು ಈ ಕಥೆಯ ಆಕಾರ. ಇಲ್ಲಿ ವಾದ ಅಂದರೆ ಪಂದ್ಯ. ಒಬ್ಬ ಗೆಲ್ಲಬೇಕು, ಇನ್ನೊಬ್ಬ ಇಲ್ಲವಾಗಬೇಕು. ಎದುರಿನವನಿಗೆ ಏನು ನೋವು ಅಂತ ಯಾರೂ ಕೇಳುವುದಿಲ್ಲ. ರಾಜನ ಕೆಲಸ ಅಂಪೈರ್ ಕೆಲಸ, ಸ್ಕೋರು ಹೇಳಿ ಪತ್ರ ಕೊಟ್ಟರೆ ಮುಗೀತು. ಇನ್ನೊಂದು ವಿಷಯ: ಈ ಕಥೆಯನ್ನು ಕಲ್ಲಿನಲ್ಲಿ ಬರೆಸಿದವರು ಗೆದ್ದ ಪಕ್ಷದವರು. ಸೋತವರು ಅದನ್ನು ಹೇಗೆ ಹೇಳುತ್ತಿದ್ದರೋ, ಆ ಕಲ್ಲಿನಲ್ಲಿ ಜಾಗ ಸಿಗಲಿಲ್ಲ.

ಟಿವಿ ಡಿಬೇಟು ನೋಡಿದವರಿಗೆ ಅಬ್ಬಲೂರು ಹೊಸದೇನಲ್ಲ. ತಲೆ ಕತ್ತರಿಸೋದೊಂದು ಇಲ್ಲ, ಅಷ್ಟೆ.

1368: ಕೈ ಹಿಡಿಸಿದ್ದು

ಈಗ ಆನೆಗೊಂದಿಗೆ ಬರೋಣ. ವಿಜಯನಗರಕ್ಕೆ ಆಗಿನ್ನೂ ಚಿಕ್ಕ ವಯಸ್ಸು. ಸಿಂಹಾಸನದಲ್ಲಿ ಬುಕ್ಕರಾಯ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಸೇರಿದಂತೆ ಎಲ್ಲ ನಾಡುಗಳ ಜೈನರು ಒಟ್ಟಾಗಿ ಅವನ ಮುಂದೆ ನಿಂತರು. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂಬುದು ದೂರು. ಏನೇನು ಅನ್ಯಾಯ ಅಂತ ಕಲ್ಲು ಪಟ್ಟಿ ಕೊಡುವುದಿಲ್ಲ. ಆದರೆ ತೀರ್ಪಿನಿಂದ ಊಹಿಸಬಹುದು: ಪಂಚಮಹಾವಾದ್ಯ ನುಡಿಸುವ ಹಕ್ಕು, ಕಲಶದ ಹಕ್ಕು. ಮೆರವಣಿಗೆಯಲ್ಲಿ ಯಾರ ವಾದ್ಯ ಮೊಳಗಬೇಕು, ಯಾರದು ಸುಮ್ಮನಿರಬೇಕು ಅನ್ನುವ ಜಗಳ. ಇವತ್ತಿಗೂ ಎಷ್ಟೋ ಊರುಗಳ ಪೊಲೀಸ್ ಠಾಣೆಗೆ ಚೆನ್ನಾಗಿ ಪರಿಚಯ ಇರುವ ಜಗಳ ಅದು.

ಬುಕ್ಕರಾಯ ಮಾಡಿದ ಮೊದಲ ಕೆಲಸ ಎದುರು ಪಕ್ಷದವರನ್ನು ಕರೆಸಿದ್ದು. ಸುಮ್ಮನೆ ಇಬ್ಬರು ಮೂವರನ್ನಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು, ಹದಿನೆಂಟು ನಾಡಿನ ಶ್ರೀವೈಷ್ಣವರು, ದೇವಾಲಯದ ಬೇರೆ ಬೇರೆ ಸೇವೆಯವರು, ತಿರುಕುಲ ಜಾಂಬವಕುಲದವರು, ಹೀಗೆ ಶಾಸನದ ಪಟ್ಟಿ ಉದ್ದವಿದೆ. ಅವರೆಲ್ಲರ ಎದುರು ರಾಜ ಜೈನರ ಕೈಯನ್ನು ತೆಗೆದು ಶ್ರೀವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಸಾರಿದ. ಜೈನರಿಗೆ ಹಿಂದಿನಿಂದ ಇದ್ದ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಮುಂದೆಯೂ ಇರತಕ್ಕದ್ದು. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯೋ ವೃದ್ಧಿಯೋ ಆದರೆ ಅದನ್ನು ವೈಷ್ಣವರು ತಮ್ಮದೇ ಹಾನಿ-ವೃದ್ಧಿ ಎಂದು ಭಾವಿಸತಕ್ಕದ್ದು. ಈ ಆಜ್ಞೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲು ನಿಲ್ಲಿಸಿ ಬರೆಸುವ ಹೊಣೆ ಕೂಡ ವೈಷ್ಣವರದ್ದೇ.

ಶಾಸನದ ಕಾಲ ಶಕವರ್ಷ 1290, ಅಂದರೆ 1368. ಕಲ್ಲು ಇವತ್ತಿಗೂ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಕಲ್ಲೇಹ, ಅಂದರೆ ಮಾಗಡಿ ತಾಲೂಕಿನ ಇಂದಿನ ಕಲ್ಯದಲ್ಲೂ ಒಂದು ಪ್ರತಿ ಇದೆ. ಬೆಂಗಳೂರಿನಿಂದ ವೀಕೆಂಡ್ ಡ್ರೈವ್ ಹೋಗುವವರಿಗೆ ಎರಡೂ ದಾರಿ ಸುಲಭ.

ಕೈ ಹಿಡಿಸುವುದು ಫೋಟೋಗೆ ಚೆನ್ನಾಗಿರುತ್ತದೆ. ಶಾಂತಿಸಭೆಗಳಲ್ಲಿ ನಮ್ಮ ನಾಯಕರೂ ಹಿಡಿಸುತ್ತಾರೆ. ಈ ಶಾಸನದ ತೂಕ ಇರುವುದು ಮುಂದಿನ ಸಾಲುಗಳಲ್ಲಿ. ತಿರುಮಲೆಯ ತಾತಯ್ಯ ಎಂಬ ವೈಷ್ಣವ ಹಿರಿಯ ಜೈನರ ಒಪ್ಪಿಗೆಯ ಮೇಲೆ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಜನರನ್ನು ವೈಷ್ಣವರೇ ನೇಮಿಸಬೇಕು. ಉಳಿದ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಿ ರಿಪೇರಿ ಮಾಡಿಸಬೇಕು. ಇದನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಅಂದರೆ ಏನಾಯಿತು ನೋಡಿ. ಭಾವನೆ ಅಲ್ಲಿಗೇ ಬಿಟ್ಟು, ಬಜೆಟ್ಟು, ಹೆಡ್‌ಕೌಂಟು, ಹೊಣೆಗಾರನ ಹೆಸರು, ತಪ್ಪಿದರೆ ಶಿಕ್ಷೆ, ಎಲ್ಲವನ್ನೂ ಬರೆದಿಟ್ಟರು. ಕಾರ್ಪೊರೇಟ್ ಭಾಷೆಯಲ್ಲಿ ಹೇಳಬೇಕು ಅಂದರೆ 'ಆಕ್ಷನ್ ಐಟಂ' ಇಲ್ಲದೆ ಮೀಟಿಂಗು ಮುಗಿಸಲಿಲ್ಲ.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಶಾಸನದ ಆರಂಭ. ಅದು ಶುರುವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಆ ಸ್ತುತಿಯಲ್ಲಿ ಅವರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿ ಎಂದು ಹೊಗಳಲಾಗಿದೆ. ವೈಷ್ಣವರ ಕಣ್ಣಲ್ಲಿ ಆ ಕಾಲದಲ್ಲಿ ಪಾಷಂಡರು ಅಂದರೆ ಯಾರು? ಜೈನರೂ ಆ ಪಟ್ಟಿಯಲ್ಲಿ ಇದ್ದೇ ಇದ್ದರು! ಜೈನರನ್ನು ಕಾಪಾಡುವ ಒಪ್ಪಂದ, ನಿಂತಿರುವುದು ಜೈನ ಬಸದಿಯಲ್ಲಿ, ತಲೆಯ ಮೇಲೆ ಇರುವುದು ಪರಮತವನ್ನು ಸುಡುವವರ ಸ್ತುತಿ.

ಇದನ್ನು ವ್ಯಂಗ್ಯ ಅಂತ ನಕ್ಕು ಬಿಡಬಹುದು. ನನಗೆ ಇದೇ ಆ ಕಲ್ಲಿನ ಪ್ರಾಮಾಣಿಕತೆ ಅನ್ನಿಸುತ್ತದೆ. ವೈಷ್ಣವರು ತಮ್ಮ ನಂಬಿಕೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಿ ಅಂತ ಯಾರೂ ಕೇಳಲೂ ಇಲ್ಲ. ನೀನು ಹೇಳೋದು ತಪ್ಪು ಅಂತ ನಾನು ಈಗಲೂ ನಂಬುತ್ತೇನೆ, ಆದರೆ ನಿನ್ನ ವಾದ್ಯ ಮೊಳಗುವುದಕ್ಕೆ ಅಡ್ಡ ಬರುವುದಿಲ್ಲ, ನಮ್ಮವರು ಅಡ್ಡ ಬಂದರೆ ಅವರನ್ನು ತಡೆಯುವುದು ನನ್ನ ಕೆಲಸ. ಒಪ್ಪಂದ ಇಷ್ಟೇ. ಕೇಳಿಸಿಕೊಳ್ಳೋದು ಅಂದರೆ ಒಪ್ಪಿಕೊಳ್ಳೋದು ಅಂತ ನಾವು ಅಂದುಕೊಂಡಿರುವುದರಿಂದಲೇ ಕೇಳಿಸಿಕೊಳ್ಳಲು ಹೆದರುತ್ತೇವೆ.

ಹಾಗಂತ ಈ ಶಾಸನವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಕಿಲ್ಲ. ಪ್ರಶ್ನೆಗಳಿವೆ. ಅನ್ಯಾಯ ಆದದ್ದು ಜೈನರಿಗೆ, ಕಾವಲಿನ ದುಡ್ಡು ಕೊಡಬೇಕಾದದ್ದೂ ಜೈನರೇ. ಕಾವಲುಗಾರರನ್ನು ನೇಮಿಸುವವರು ಯಾರ ಮೇಲೆ ದೂರು ಇತ್ತೋ ಅವರೇ. ಬಲ ಯಾರ ಕಡೆ ಇತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಇದು ಸಮಾನರ ನಡುವಿನ ಒಪ್ಪಂದ ಅಲ್ಲ. ರಾಜನಿಗೂ ತನ್ನದೇ ಲೆಕ್ಕ ಇದ್ದಿರಬೇಕು. ಉತ್ತರಕ್ಕೆ ಬಹಮನಿಗಳ ಜೊತೆ ಯುದ್ಧ ನಡೆಯುತ್ತಿದ್ದ ಕಾಲ, ಒಳಗೆ ವ್ಯಾಪಾರಿಗಳಾದ ಜೈನರೂ ಬೇಕು, ವೈಷ್ಣವ ಆಚಾರ್ಯರೂ ಬೇಕು. ಇಷ್ಟೆಲ್ಲ ಇದ್ದರೂ ಅಬ್ಬಲೂರಿನ ಜೈನರನ್ನೂ ಆನೆಗೊಂದಿಯ ಜೈನರನ್ನೂ ನಿಲ್ಲಿಸಿ ನಿಮಗೆ ಯಾವ ಕಲ್ಲು ಬೇಕು ಅಂತ ಕೇಳಿದರೆ ಉತ್ತರ ಏನು ಬರುತ್ತದೆ ಅನ್ನೋದು ಕಷ್ಟದ ಪ್ರಶ್ನೆ ಅಲ್ಲ.

ಒಪ್ಪಂದ ಉಳಿಯಿತಾ? ಕಲ್ಲಿನ ಕೊನೆಯಲ್ಲೇ ಒಂದು ಸೇರ್ಪಡೆ ಇದೆ. ಕಲ್ಲೇಹದ ಹರ್ವಿಶೆಟ್ಟಿಯ ಮಗ ಬುಸುವಿಶೆಟ್ಟಿ ಮತ್ತೆ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಸಹಬಾಳ್ವೆ ಒಮ್ಮೆ ಸಹಿ ಹಾಕಿ ಬೀರುವಿನಲ್ಲಿಡುವ ಕಾಗದ ಅಲ್ಲ, ಮತ್ತೆ ಮತ್ತೆ ರಿನ್ಯೂ ಮಾಡಿಸಬೇಕು, ಅದಕ್ಕೊಬ್ಬ ಶೆಟ್ಟಿ ಓಡಾಡಬೇಕು. ಇದಾಗಿ 17 ವರ್ಷಕ್ಕೆ, 1385ರಲ್ಲಿ, ಬುಕ್ಕನ ಮಗ ಎರಡನೇ ಹರಿಹರನ ಕಾಲದಲ್ಲಿ, ಜೈನ ದಂಡನಾಯಕ ಇರುಗಪ್ಪ ರಾಜಧಾನಿಯಲ್ಲೇ ಕುಂಥುನಾಥನ ಬಸದಿ ಕಟ್ಟಿಸಿದ. ಹಂಪಿಯಲ್ಲಿ ಗಾಣಗಿತ್ತಿ ಗುಡಿ ಅಂತ ಬೋರ್ಡು ನೋಡಿ ಫೋಟೋ ತೆಗೆದುಕೊಂಡಿರ್ತೀರಲ್ಲ, ಅದೇ.

ಹಳೇಬೀಡು: ನಮ್ಮವರಿಗೆ ನಾವೇ ಹೇಳುವುದು

ಮೂರನೇ ಕಲ್ಲು 1638ರದ್ದು, ಹಳೇಬೀಡಿನದು. ವೀರಶೈವನೊಬ್ಬ ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಕ್ಕೆ ಲಿಂಗಮುದ್ರೆ ಒತ್ತಿದ. ಜೈನನೊಬ್ಬ ಅದನ್ನು ಅಳಿಸಿದ. ಊರು ಹೊತ್ತಿ ಉರಿಯುವುದಕ್ಕೆ ಇಷ್ಟು ಸಾಕಿತ್ತು. ಬೇಲೂರು ಸೀಮೆಯ ವೀರಶೈವ ಮಹಾಮಹತ್ತಿನವರು ಕೂತು ಮಾತಾಡಿದರು. ತೀರ್ಮಾನ: ಮೊದಲು ವಿಭೂತಿ ವೀಳ್ಯ ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆ-ಉತ್ಸವ ಎಲ್ಲವನ್ನೂ ಹಿಂದಿನ ಪದ್ಧತಿಯಂತೆ ಸೂರ್ಯಚಂದ್ರರಿರುವ ತನಕ ನಡೆಸಿಕೊಳ್ಳಬಹುದು.

ಇಲ್ಲೂ ಪೂರ್ತಿ ಸಮಾನತೆ ಇಲ್ಲ, ವಿಭೂತಿ ವೀಳ್ಯದ ಮರ್ಯಾದೆ ಮೊದಲು ಸಲ್ಲಬೇಕು. ಆದರೆ ಶಾಪದ ಭಾಗ ಗಮನಿಸಿ. ಜೈನರ ಪೂಜೆಗೆ ಅಡ್ಡಿ ಮಾಡಿದ ವೀರಶೈವನನ್ನು ಶಿವದ್ರೋಹಿ, ಜಂಗಮದ್ರೋಹಿ ಎನ್ನುತ್ತದೆ ಆ ಶಾಸನ. ಅವನು ಪರರಿಗೆ ತೊಂದರೆ ಕೊಟ್ಟವನಷ್ಟೇ ಅಲ್ಲ, ನಮ್ಮ ಧರ್ಮಕ್ಕೇ ಹೊರಗಿನವನು ಅಂತ ಅವನ ಹಿರಿಯರೇ ಬರೆದರು.

1368ರಲ್ಲೂ 1638ರಲ್ಲೂ ಕೆಲಸ ಮಾಡಿದ್ದು ಇದೇ. ಎದುರಿನವರನ್ನು ತಿದ್ದುವ ಬದಲು ನಮ್ಮವರನ್ನು ಹಿಡಿದು ನಿಲ್ಲಿಸುವುದು. ನಮ್ಮ ಕಾಲದಲ್ಲಿ ಕಾಣೆಯಾಗಿರುವುದೂ ಇದೇ. ಎದುರು ಪಕ್ಷದ ಟ್ರೋಲನ್ನು ಬಯ್ಯುವುದಕ್ಕೆ ಸಾವಿರ ಜನ ಸಿಗುತ್ತಾರೆ. ನಮ್ಮ ಪಕ್ಷದ ಟ್ರೋಲಿಗೆ 'ಏಯ್, ಸಾಕು ಮಾಡಪ್ಪ' ಅನ್ನುವವರು? ಹಾಗೆ ಅಂದವರನ್ನು ಮರುಕ್ಷಣ 'ಆ ಕಡೆಯವನು' ಮಾಡಿಬಿಡುತ್ತೇವೆ.

ತಾವರಗೇರಾ ಬೇಕೋ ಬೇಡವೋ

ಇದೆಲ್ಲ ಧರ್ಮದ ಜಗಳ, ರಾಜಕೀಯದ ಮಾತೆಲ್ಲಿ ಅಂತ ಕೇಳುವವರಿಗೆ ಒಂದು ಹತ್ತಿರದ ಉದಾಹರಣೆ. 1956ರ ತನಕ ಕುಷ್ಟಗಿ, ತಾವರಗೇರಾ, ಗಂಗಾವತಿ ಎಲ್ಲ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಕನ್ನಡದ ಹೆಚ್ಚಿನ ಪ್ರದೇಶಗಳನ್ನು ಒಂದು ಮಾಡಬೇಕು ಎಂದು ಫಜಲ್ ಅಲಿ ಆಯೋಗ 1955ರಲ್ಲಿ ಶಿಫಾರಸು ಮಾಡಿದಾಗ ಹಳೆ ಮೈಸೂರಿನ ಶಾಸಕರಲ್ಲಿ ಅನೇಕರಿಗೆ ಇದು ಬೇಡವಾಗಿತ್ತು. ಬಾಯಲ್ಲಿ ಹೇಳಿದ ಕಾರಣ: ಮೈಸೂರು ಮುಂದುವರಿದ ರಾಜ್ಯ, ಉತ್ತರದ ಬಡತನ ನಮ್ಮ ಮೇಲೆ ಬೀಳುತ್ತದೆ. ಬಾಯಲ್ಲಿ ಪೂರ್ತಿ ಹೇಳದ ಕಾರಣ ಜಾತಿ ಲೆಕ್ಕ. ಒಕ್ಕಲಿಗರ ಬಲ ಕುಗ್ಗಿ ಲಿಂಗಾಯತರ ಬಲ ಹೆಚ್ಚುತ್ತದೆ ಎಂಬ ಭಯ. ಆಯೋಗದ ವರದಿಯೇ ಈ ಭಯವನ್ನು ಚರ್ಚಿಸಿತ್ತು.

ಆಗ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯ ಒಕ್ಕಲಿಗರು. ತಮ್ಮವರ ಲೆಕ್ಕಕ್ಕೆ ವಿರುದ್ಧವಾಗಿ ಏಕೀಕರಣದ ಪರ ನಿಂತರು. ವಿರೋಧ ಪಕ್ಷದ ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ಏಕೀಕರಣದ ಪರ. 1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರ ಕುರ್ಚಿ ಹೋಯಿತು. ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಖ್ಯಮಂತ್ರಿಯಾಗಿ ಬಂದವರು ಎಸ್. ನಿಜಲಿಂಗಪ್ಪ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯವರು-ಕೆಟ್ಟವರ ಸಿನಿಮಾ ಆಗುತ್ತದೆ. ಆದರೆ ಸೋತವರ ವಾದದಲ್ಲೂ ಒಂದು ಸತ್ಯ ಇತ್ತು: ಎರಡು ಭಾಗಗಳ ನಡುವಿನ ಅಂತರ ದೊಡ್ಡದು, ಬರೀ ಅಣ್ಣತಮ್ಮಂದಿರು ಅಂದರೆ ಅದು ಮುಚ್ಚುವುದಿಲ್ಲ. ಸ್ವಾರ್ಥಕ್ಕೆ ಹೇಳಿದ ಮಾತೇ ಇರಬಹುದು, ಮಾತು ಸುಳ್ಳಲ್ಲ. ಗೆದ್ದ ಖುಷಿಯಲ್ಲಿ ಅದನ್ನು ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಲು 2012ರ 98ನೇ ತಿದ್ದುಪಡಿ ಬರಬೇಕಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಾವರಗೇರಾದಂಥ ಊರುಗಳ ಮಕ್ಕಳು ಅದರ ಬೆಲೆ ತೆತ್ತರು. ಏಕೀಕರಣ ಆಗಬೇಕಿತ್ತು, ಆಯಿತು. ಆದರೆ ಬೇಡ ಅಂದವರ ಮಾತಿನಿಂದ ಆ ಒಂದು ಅಂಶವನ್ನು ಅವತ್ತೇ ಹೆಕ್ಕಿ, ಬುಕ್ಕರಾಯನ ಹಾಗೆ ದುಡ್ಡು, ಜನ, ಹೊಣೆ ಅಂತ ಬರೆದಿಟ್ಟಿದ್ದರೆ?

ಎದುರಿನವರ ಮಾತು ಕೇಳೋದು ಸಜ್ಜನಿಕೆಗಾಗಿ ಅಂತ ನಾವು ತಿಳಿದಿದ್ದೇವೆ. ಸಜ್ಜನಿಕೆ ಒಳ್ಳೆಯದೇ. ಅದಕ್ಕಿಂತ ದೊಡ್ಡ ಕಾರಣ ಸ್ವಂತ ಲಾಭ. ನಮ್ಮ ಯೋಜನೆಯಲ್ಲಿ ಎಲ್ಲಿ ತೂತಿದೆ ಅಂತ ನಮ್ಮವರು ಹೇಳುವುದಿಲ್ಲ. ಅವರಿಗೆ ನಮ್ಮ ಮೇಲೆ ಪ್ರೀತಿ, ಇಲ್ಲವೇ ಭಯ. ತೂತು ಕಾಣುವುದು ಎದುರು ಕೂತವನಿಗೆ. ಅವನ ಉದ್ದೇಶ ಏನೇ ಇರಲಿ, ತೂತು ಇರುವುದು ನಮ್ಮ ದೋಣಿಯಲ್ಲಿ.

ಮುಂದಿನ ಸಲ ಹಂಪಿಗೆ ಹೋದಾಗ ಹೊಳೆ ದಾಟಿ ಆನೆಗೊಂದಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಈ ಊರಿನಿಂದ ಹೋದ ಕೆಲವರು ತಮಗಿಂತ ಬಲವಾದವರ ಮೇಲೆ ದೂರು ಹೇಳಿದರು, ಬಲವಾದವರು ಬಂದು ಕೂತು ಕೇಳಿದರು, ತಮ್ಮ ದೇವರ ಸ್ತುತಿಯನ್ನು ಮೇಲೆ ಬರೆಸಿ, ಅದರ ಕೆಳಗೇ ಇನ್ನೊಬ್ಬರ ಬಸದಿಗೆ ಸುಣ್ಣ ಬಳಿಸುವ ಹೊಣೆ ಹೊತ್ತರು. ನಮ್ಮ ಗ್ರೂಪಿನಲ್ಲಿ ಮ್ಯೂಟ್ ಆಗಿರುವ ಒಬ್ಬನ ಮಾತು ಪೂರ್ತಿ ಓದಿ, 'ನೀನು ಹೇಳಿದ್ದರಲ್ಲಿ ಇದೊಂದು ಸರಿ' ಅಂತ ಬರೆಯುವುದು ಅದಕ್ಕೆ ಹೋಲಿಸಿದರೆ ಬಹಳ ಸಣ್ಣ ಕೆಲಸ.